ಮೂರು ಕರೆ

ಕೋರ್ಟಿನ ಜಗಲಿಯಲ್ಲಿ ನಿಂತು ಹೆಸರು ಕೂಗುವುದು
ನನ್ನ ಉದ್ಯೋಗ. ಇಪ್ಪತ್ತಾರು ವರ್ಷ, ಕಾಸರಗೋಡಿನಲ್ಲಿ.
ವಾದಿ, ಪ್ರತಿವಾದಿ, ಸಾಕ್ಷಿ, ಎಲ್ಲರಿಗೂ ಮೂರು ಸಲ.
ಮಲಯಾಳದ ಪಟ್ಟಿಯಲ್ಲಿ ಐತಪ್ಪನಿಗೆ ಏನೇನೋ ರೂಪ;
ನಾನು ಕೂಗಿದರೆ ಮಾತ್ರ ಅವನ ಅಮ್ಮ ಕರೆದ ಹಾಗೆ.

ಚೌತಿ ಕಳೆದ ಮೇಲೆ ಸ್ವರ ಒಡೆಯಿತು.
ಬೆಳಿಗ್ಗೆ ಗಂಟಲಲ್ಲಿ ಭತ್ತದ ಉಮಿ ಕೂತ ಹಾಗೆ,
ನುಂಗಿದರೆ ಇಳಿಯದು, ಕ್ಯಾಕರಿಸಿದರೆ ಬಾರದು.
"ಬೆಳ್ಚಪ್ಪಾಡರೇ, ನಿಮ್ಮ ಕರೆ ಗೇಟಿಗೆ ಮುಟ್ಟುವುದಿಲ್ಲ"
ಅಂದರು ಶಿರಸ್ತೇದಾರರು. ಮುಟ್ಟದ ಒಂದು ದಿನ
ಪೆರ್ಲದಿಂದ ಎರಡು ಬಸ್ಸು ಹತ್ತಿ ಬಂದ ಚೋಮಾರು
ಹುಣಸೆಯ ಬುಡದಲ್ಲಿ ಕೂತೇ ಇದ್ದಳು;
ಒಳಗೆ ಅವಳನ್ನು ಗೈರು ಎಂದು ಬರೆದಾಗಿತ್ತು.

ಮಿಸ್ರಿಯಾ ಡಾಕ್ಟರು ಮೂಗಿನಿಂದ
ದಾರದಂಥ ಕ್ಯಾಮರಾ ಇಳಿಸಿ ನೋಡಿದರು.
"ಎದೆಯುರಿ?" ಇಲ್ಲ. "ಹುಳಿತೇಗು?" ಇಲ್ಲ.
"ಆದರೂ ಇದು ಹೊಟ್ಟೆಯದ್ದೇ"
ಎಂದು ಚೀಟಿಯ ಹಿಂದೆ ಪೆನ್ನು ಓಡಿಸಿದರು:
ಎಡಕ್ಕೆ ವಾಲಿದ ಚೀಲ. ಅದರಿಂದ ಮೇಲಕ್ಕೆ
ಗೇಣುದ್ದ, ಮೇಲೆರಡು ಬೆರಳು, ಅನ್ನದ ಕೊಳವೆ.
ಕೆಳಗೊಂದು ಉಂಗುರ, ಮೇಲೊಂದು ಉಂಗುರ.
ಕೆಳಗಿನದಕ್ಕೆ ವಪೆಯ ಸ್ನಾಯು ಸೊಂಟಪಟ್ಟಿ ಬಿಗಿದ ಹಾಗೆ.
ನುಂಗುವಾಗ ಬಿಡಬೇಕು, ಬಿಟ್ಟ ಕೂಡಲೆ ಮುಚ್ಚಬೇಕು.
"ನಿಮ್ಮದು ಹೊತ್ತಲ್ಲದ ಹೊತ್ತಿಗೆ ಸಡಿಲುತ್ತದೆ."
ತಲಪಾಡಿ ಗೇಟಿನ ಹಾಗೆ, ಅಂದೆ ನಾನು.
ಅವರು ನಗಲಿಲ್ಲ. ಕೊಳವೆಯ ತುದಿಯಲ್ಲಿ,
ಉಸಿರಿನ ಬಾಯಿಗೆ, ಎರಡು ಪುಟ್ಟ ಗೆರೆ ಎಳೆದರು.
"ಹೊಟ್ಟೆಗೆ ತನ್ನ ಹುಳಿ ತಡೆಯುವ ಒಳಗೋಡೆ ಇದೆ.
ಕೊಳವೆಯೂ ಅಷ್ಟಿಷ್ಟು ತಾಳುತ್ತದೆ, ತೊಳೆದುಕೊಳ್ಳುತ್ತದೆ.
ಇವಕ್ಕೆ ಏನೂ ಇಲ್ಲ. ಒಂದು ತೊಟ್ಟು ಸಾಕು."

ಆ ಎರಡು ಗೆರೆ. ಅಷ್ಟೇ ನನ್ನ ಉದ್ಯೋಗ.

ಈಗ ಮಂಚದ ತಲೆಕಡೆಯ ಕಾಲಿಗೆ ಮುರಕಲ್ಲಿನ ತುಂಡು.
ಎಡಮಗ್ಗುಲು. ಏಳಕ್ಕೇ ಗಂಜಿ.
ಹತ್ತರ ಕಟ್ಟಂಚಾಯ ಬಿಟ್ಟೆ, ಬಂಗುಡೆ ಪುಳಿಮುಂಚಿ ಬಿಟ್ಟೆ
(ಬಿಟ್ಟೆನೆಂದು ಕಮಲಾಕ್ಷಿ ನಂಬಿದ್ದಾಳೆ).
ಇಳಿಜಾರು ಹಾಸಿಗೆಯಲ್ಲಿ ನಡುರಾತ್ರಿಗೆ
ಅವಳು ಕಾಲಬದಿಗೆ ಜಾರಿರುತ್ತಾಳೆ,
ನಿದ್ದೆಯಲ್ಲೇ ಬೈಯುತ್ತಾಳೆ.

ನಾನು ಎಚ್ಚರವಿದ್ದು ಕಾಯುತ್ತೇನೆ.
ಮೂರು ಸಲ ಕೂಗಿದರೂ ಬಾರದವರನ್ನು
ಎಷ್ಟೋ ಕಂಡವನು. ಇದೊಂದು, ಕರೆಯದೆ,
ಕತ್ತಲಲ್ಲಿ, ಚಪ್ಪಲಿಯ ಸದ್ದೂ ಇಲ್ಲದೆ
ಮೆಟ್ಟಿಲು ಹತ್ತಿ ಬಂದು
ಕಟಕಟೆಯಲ್ಲಿ ನಿಲ್ಲುತ್ತದೆ.

ಎಂಟು ವಾರ ಅಂದಿದ್ದಾರೆ. ಇದು ಐದನೆಯದು.
ನಾಳೆಯ ಪಟ್ಟಿಯಲ್ಲಿ ಹದಿನಾಲ್ಕನೆಯದು ಚೋಮಾರುವಿನ ಕೇಸು.
ಜಗಲಿ ಇಳಿದು ಹುಣಸೆಯ ಬುಡಕ್ಕೇ ಹೋಗಿ
ಹೆಸರು ಮೆಲ್ಲನೆ ಹೇಳಬೇಕು,
ಒಂದೇ ಸಲ.