ದಫ್ತರ ಒಪ್ಪಿಸುವಾಗ

ಜಂಬಣ್ಣ, ತಗೋ.
ಮೂರು ರಿಜಿಸ್ಟರು, ರಸೀದಿ ಬುಕ್ಕು, ಬೀಗದ ಕೈ,
ಒಂದು ಗಂಟೆ. ಮೇಜಿನದು, ಗುಡಿಯದಲ್ಲ.
ನಾಲಿಗೆಗೆ ನಾನೇ ನೀಲಿ ಚಿಂದಿ ಸುತ್ತಿದ್ದೇನೆ,
ಹನ್ನೊಂದು ವರ್ಷ ಬಾರಿಸಿ ಬಾರಿಸಿ
ಅದರ ಸದ್ದು ನನಗೇ ಸಾಕಾಗಿ.

ಕೌಲ್ ಬಜಾರಿನ ಈ ಮಾಳಿಗೆಗೆ
ಭಾನುವಾರ ಹತ್ತಕ್ಕೆ ಬರುತ್ತಾರೆ
ಜೀನ್ಸ್ ಹೊಲಿಯುವವರು, ಕಾಜಾ ಹಾಕುವವರು,
ದಾರ ಕತ್ತರಿಸುವವರು.
ಉಗುರಿನ ಸಂದಿಯ ನೀಲಿ ನೋಡಿದರೆ ಸಾಕು,
ಯಾರು ಎಷ್ಟು ವರ್ಷದವರು, ಗೊತ್ತಾಗುತ್ತದೆ.
ಹೊಸಬರ ಉಗುರು ಬೆಳ್ಳಗೆ.
ಬಹಳ ದಿನ ನಾನು ಉಗುರನ್ನೇ ನೋಡಿದೆ.

ಎರಡನೇ ರಿಜಿಸ್ಟರು, ಅರವತ್ತೆರಡನೇ ಪುಟ ತೆಗಿ.
ನನ್ನದೇ ಅಕ್ಷರ:
‘ಹೊಸ ಸದಸ್ಯೆಯ ತಕರಾರು. ಚರ್ಚೆ ಇಲ್ಲ.’
ಐದೇ ಪದ. ಮುಂದಿನ ಸಾಲಿಗೆ ಚಹಾದ ಖರ್ಚು.

ಆಕೆ ಹಂಪಮ್ಮ, ಸಿರುಗುಪ್ಪದ ಕಡೆಯವಳು.
ಎರಡನೇ ಭಾನುವಾರವೇ ಎದ್ದು ನಿಂತಳು:
‘ಕೆಟ್ಟ ಪೀಸಿನ ನಿಧಿಗೆ ಎಲ್ಲಾರೂ ವಾರಕ್ಕ ಹತ್ತು ಕೊಡ್ತೀವಿ.
ಜಿಪ್ ಹಾಕೋನ ಪೀಸು ಕೆಟ್ರ ನಿಧಿ ಕಟ್ತೈತಿ.
ದಾರ ಕತ್ತರಿಸಾಕಿ ಕತ್ತರಿ ತಾಗಿ ಅರಿವಿ ಹರದ್ರ
ಆಕಿ ಕೂಲೀನ ಯಾಕ ಮುರೀತಾರ?’

ಸಭೆ ನಕ್ಕಿತು.
ನಾನು ನಗಲಿಲ್ಲ, ಗಂಟೆ ಬಾರಿಸಿದೆ.
‘ಮೊನ್ನೆ ಬಂದಾಕಿ ನೀನು. ಆರು ತಿಂಗಳು ಕುಂದ್ರು,
ಕೇಳು, ಆಮ್ಯಾಲೆ ಮಾತಾಡುವಿಯಂತೆ.’
ಕುಂತಳು.
ಮುಂದಿನ ವಾರವೂ ಬಂದು ಕುಂತಳು,
ಸೆರಗಿನ ತುದಿಯ ಒಂದೆಳೆಯನ್ನು ಎಳೆಯುತ್ತ, ಎಳೆಯುತ್ತ.
ಅದರ ಮುಂದಿನ ವಾರ ಹಾಜರಿಯಲ್ಲಿ ಖಾಲಿ.
ಸಭೆ ಶಾಂತವಾಗಿ ನಡೆಯಿತು.
ಹಾಗಂತ ಬರೆದೂ ಇಟ್ಟಿದ್ದೇನೆ.

ಅವಳ ಲೆಕ್ಕ ಪೂರ್ತಿ ಸರಿಯಿತ್ತು ಅಂತಲ್ಲ, ಜಂಬಣ್ಣ.
ನಿಧಿ ಅಷ್ಟು ದೊಡ್ಡದಲ್ಲ, ನಿನಗೂ ಗೊತ್ತು.
ಆದರೆ ಅದನ್ನು ಅವಳಿಗೆ ಯಾರು ಹೇಳಿದರು?
ಕೇಳಿದ್ದಕ್ಕೆ ವಯಸ್ಸು ಹೇಳಿದೆವು.

ಹೊಸ ಜೀನ್ಸು ನಿಲ್ಲಿಸಿದರೆ ತಾನೇ ನಿಲ್ಲುತ್ತದೆ,
ಒಳಗೆ ಕಾಲಿಲ್ಲದಿದ್ದರೂ.
ಅದನ್ನು ವಾಷಿಂಗ್‌ಗೆ ಒಯ್ದು, ಕಲ್ಲು ಸುರಿದು, ಗರಗರ ತಿರುಗಿಸಿ,
ಬಣ್ಣ ಇಳಿದು ಮೆತ್ತಗಾದ ಮೇಲೆ
‘ಮಾಲು ರೆಡಿ’ ಅನ್ನುತ್ತೇವೆ.
ಸಂಘದ ಹಳಬರೆಲ್ಲ ಹಾಗೆ ರೆಡಿಯಾದ ಮಾಲು.
ನಾನೂ.

ಎಲ್ಲ ತಕರಾರೂ ಹಂಪಮ್ಮನದಲ್ಲ, ಅದನ್ನೂ ಹೇಳಿಬಿಡುತ್ತೇನೆ.
ವನ್ನೂರಪ್ಪ ಬರುತ್ತಿದ್ದದ್ದೇ ಜಗಳಕ್ಕೆ.
ಲೆಕ್ಕದ ಪುಸ್ತಕ ಮುಟ್ಟದೆಯೇ
ಖಾಜಾಬನಿಯನ್ನು ಕಳ್ಳಿ ಎಂದ, ಮಕ್ಕಳೆದುರು.
ಕೆಳಗಿನ ಹೋಟೆಲಿಗೆ ಕರೆದೊಯ್ದು ಹೇಳಿದೆ, ಒಮ್ಮೆ.
ಇನ್ನೊಮ್ಮೆ ಹೇಳಿದೆ.
ಮೂರನೇ ಸಲ ಹೆಸರು ಹೊಡೆದೆ; ಕಪ್ಪು ಒಡೆದು ಹೋದ.
ಅದು ಬೇರೆ.
ಆದರೆ ಬೇರೆ ಎಂದು ತಿಳಿಯಲಿಕ್ಕೆ ಮೂರು ಕಪ್ಪು ಚಹಾ ಹಿಡಿಯಿತು.
ಹಂಪಮ್ಮನಿಗೆ ನಾನು ಅರ್ಧ ಕಪ್ಪೂ ಖರ್ಚು ಮಾಡಲಿಲ್ಲ.

ನೀನು ಹೊಲಿಯುವವನು, ನಿನಗೇನು ಹೇಳಲಿ?
ತೊಡೆಸಂದಿಯಲ್ಲಿ ನಾಲ್ಕು ಹೊಲಿಗೆ ಬಂದು ಕೂಡುವ ಕಡೆ
ಸೂಜಿ ಮುರಿಯುತ್ತದೆ.
ಅಲ್ಲಿ ಮೋಟಾರು ಬಿಟ್ಟು ಓಡಿಸುವವನು ಹೊಸಬ.
ಬಲ್ಲವನು ಪೆಡಲಿನಿಂದ ಕಾಲು ತೆಗೆದು
ಕೈಯಿಂದ ಚಕ್ರ ತಿರುಗಿಸುತ್ತಾನೆ,
ಒಂದು ಹೊಲಿಗೆ, ಇನ್ನೊಂದು,
ದಪ್ಪ ದಾಟುವವರೆಗೆ.
ಅರಿವಿಯನ್ನು ಬೈಯುವುದಿಲ್ಲ.
ಮಿಷಿನ್ನಿನ ಮುಂದೆ ನನಗೆ ಇದು ಗೊತ್ತಿತ್ತು.
ಮೇಜಿನ ಹಿಂದೆ ಮರೆತೆ.

ಹೋದ ತಿಂಗಳು ಮೋತಿ ಸರ್ಕಲ್ಲಿನಲ್ಲಿ
ಶೇರ್ ಆಟೋ ಹತ್ತಿದರೆ ಎದುರಿಗೆ ಅವಳೇ,
ಮಡಿಲಲ್ಲಿ ಟಿಫನ್ ಡಬ್ಬಿ, ಉಗುರೆಲ್ಲ ನೀಲಿ.
ಮುಂಡರಗಿಯ ಯಾವುದೋ ಫ್ಯಾಕ್ಟರಿಯಂತೆ.
ನಾನು ಗುರುತು ಸಿಗದವನ ಹಾಗೆ ಹೊರಗೆ ನೋಡಿದೆ.
ಇಳಿಯುವಾಗ ಕೇಳಿದಳು, ಸಿಟ್ಟಿಲ್ಲದೆ, ಚಿಲ್ಲರೆ ಎಣಿಸುತ್ತಲೇ:
‘ಅಣ್ಣಾ, ಆರು ತಿಂಗಳು ಆತೇನು?’

ಏಳು ವರ್ಷವಾಗಿತ್ತು.

ಬಾ ಅಂದಿದ್ದೇನೆ. ಬರಬಹುದು, ಬಾರದೆಯೂ ಇರಬಹುದು.
ಅರವತ್ತೆರಡನೇ ಪುಟದ ಅಡಿಯಲ್ಲಿ
ಎರಡು ಸಾಲಿನಷ್ಟು ಜಾಗ ಇನ್ನೂ ಖಾಲಿ ಇದೆ.
ಪೆನ್ನು ಮೇಜಿನ ಖಾನೆಯಲ್ಲಿ.
ಶುರುವಿಗೆ ಸ್ವಲ್ಪ ತಡವರಿಸುತ್ತದೆ,
ಒತ್ತಬೇಡ.