ಸಕರ್ಮಕ

ಒಂಬತ್ತನೆಯ ಬಿ, ಕನ್ನಡ ಮಾಧ್ಯಮ.
ಸ್ವಂತ ವಾಕ್ಯದಲ್ಲಿ ಬಳಸಿ ಎಂದು
ಹಲಗೆಯಲ್ಲಿ ಐದು ಕ್ರಿಯಾಪದ ಬರೆದಿದ್ದೆ,
ಮೂರನೆಯದು ರಿಸ್ಕ್.
ಮಿಸ್ರಿಯಾಳ ಪುಸ್ತಕದಲ್ಲಿ, ದುಂಡಗೆ, ನೀಲಿ ಶಾಯಿಯಲ್ಲಿ:
ಮೈ ಫಾದರ್ ರಿಸ್ಕ್ಸ್ ಎವೆರಿ ಮಾರ್ನಿಂಗ್
ಆಂಡ್ ವಿ ಈಟ್ ಇಟ್ ಅಟ್ ನೈಟ್.

ಅಂಚಿನಲ್ಲಿ ಕೆಂಪು ಪೆನ್ನಿನಿಂದ ಕೇಳಿದೆ:
ಇದು ಸಕರ್ಮಕ. ಕರ್ಮ ಎಲ್ಲಿ?
ಪ್ರಾಣವೋ, ಹಣವೋ, ಏನನ್ನು ಒಡ್ಡುತ್ತಾನೆ ನಿನ್ನಪ್ಪ?
ಅಪಾಯವನ್ನು ಯಾರಾದರೂ ಉಣ್ಣುತ್ತಾರೆಯೇ?

"ರಿಸ್ಕ್ ಅಂದರೆ ಅನ್ನ ಅಲ್ಲವಾ ಟೀಚರ್?
ಮದ್ರಸದಲ್ಲಿ ಹಾಗೇ ಉಂಟು.
ಒಂದಗುಳು ಕೆಳಗೆ ಬಿದ್ದರೂ ಉಮ್ಮ ಹೆಕ್ಕುತ್ತಾರೆ,
ರಿಸ್ಕ್ ಚೆಲ್ಲಬಾರದು ಅಂತ."
ತರಗತಿ ನಕ್ಕಿತು.
ನಾನೂ, ಸ್ವಲ್ಪ.

ಲೈಬ್ರರಿ ಅಂದರೆ ನಮ್ಮಲ್ಲಿ ಒಂದು ಕಬ್ಬಿಣದ ಕಪಾಟು,
ಬೀಗದ ಕೈ ಡ್ರಿಲ್ ಮಾಷ್ಟ್ರ ಕಿಸೆಯಲ್ಲಿ.
ದಪ್ಪ ನಿಘಂಟು ಹೇಳಿತು:
ಇಟಲಿಯ ಕಡೆಯಿಂದ ಬಂದ ಮಾತು.
ಅದರಾಚೆ? ಹಡಗು ಒಡೆಯುವ ಕಡಲಬಂಡೆ, ಇರಬಹುದು.
ಅರಬರ ರಿಸ್ಕ್, ದಿನದ ಪಾಲು, ಅದೂ ಇರಬಹುದು.
ಮೂಲ ಖಚಿತವಿಲ್ಲ.
ಇಷ್ಟು ದಪ್ಪದ ಪುಸ್ತಕ,
ಒಂದು ಕಾಲು ಬಂಡೆಯ ಮೇಲೆ, ಇನ್ನೊಂದು ಬಟ್ಟಲಲ್ಲಿ.

ಶನಿವಾರ ನಸುಕಿಗೆ ಶಿರಿಯಾ ಅಳಿವೆಗೆ ಹೋದೆ.
ಹೊಳೆ ಕಡಲಿಗೆ ಬಾಯಿ ಬಿಡುವಲ್ಲಿ ಮರಳದಿಣ್ಣೆ,
ನಿನ್ನೆ ಇದ್ದಲ್ಲಿ ಇಂದು ಇರುವುದಿಲ್ಲವಂತೆ.
ಅಂದುಂಞಿಯ ದೋಣಿ ಮೂತಿ ಎತ್ತಿ ಗುರುಗುಟ್ಟುತ್ತಿತ್ತು,
ದೊಡ್ಡವು ಮೂರು ಒಡೆದು ಸಣ್ಣದೊಂದು ಬರಲಿ ಎಂದು.
ಬಂತು. ಅಥವಾ ಬಂತೆಂದು ಅವನಿಗನ್ನಿಸಿತು.
ಮರಳಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು,
ಕರ್ಮ ಎಲ್ಲಿ ಎಂದು ಕೇಳಿದವಳು
ಉಸಿರು ಬಿಡಲು ಮರೆತೆ.

ದಾಟಿತು.

ಹತ್ತಕ್ಕೆ ತಿರುಗಿ ಬಂದವನು
ತೊಟ್ಟೆಯಲ್ಲಿ ನಾಲ್ಕು ಬಂಗುಡೆ ಹಾಕಿ ಚಾಚಿದ.
ನಾವು ಮೀನು ತಿನ್ನುವವರಲ್ಲ, ಅಂದೆ.
"ಹಾಗಾದರೆ ಅದರಲ್ಲಿ ಬೇರೆ ಯಾರದೋ ಹೆಸರುಂಟು ಟೀಚರೇ.
ತಲುಪಿಸಿಬಿಡಿ."

ಕುಂಬಳೆಯ ಬಸ್ಸಲ್ಲಿ ತೊಟ್ಟೆ ಮಡಿಲಲ್ಲೇ ಸೋರಿತು.
ಪಕ್ಕದವರು ಸರಿದು ಕುಳಿತರು.
ಯಾರದಿರಬಹುದು ಹೆಸರು? ಕಂಡಕ್ಟರನದೇ,
ಕೊನೆಯ ಸೀಟಲ್ಲಿ ತೂಕಡಿಸುವ ಬಸುರಿಯದೇ,
ಅಥವಾ ನಮ್ಮ ಮನೆಯ ಹಿಂದಿನ ಬೆಕ್ಕಿನದೇ?

ಪುಸ್ತಕದ ಕಟ್ಟು ಮೇಜಿನ ಮೇಲಿದೆ,
ಸೋಮವಾರ ಅಂಕ ಕೊಡಬೇಕು.
ಆ ವಾಕ್ಯದ ಎದುರು ಇನ್ನೂ ಏನೂ ಹಾಕಿಲ್ಲ.
ಪೆನ್ನು ಹಿಡಿದ ಬೆರಳಲ್ಲಿ
ಸಾಬೂನಿಗೂ ಹೋಗದ ವಾಸನೆ.