ವಿಳಾಸವಿಲ್ಲದ ಕಾಗದ

ಡುಲೂತಿನ ಅಂಚೆಯವಳು ಮಾರ್ಲಿಸ್ ಟೊಲೆಫ್ಸನ್
ಹಿಮಗಟ್ಟಿದ ಹನ್ನೊಂದನೆ ಮೆಟ್ಟಿಲಲ್ಲಿ
ಟಪ್ ಎಂಬ ಸದ್ದು ಕೇಳಿದಳು;
ಕೊಂಬೆಯೇನೋ ಎಂದು ತಿರುಗುವಷ್ಟರಲ್ಲಿ
ಮಂಡಿ ಅವಳ ಮಾತು ಕೇಳಲಿಲ್ಲ.

ನಿಮ್ಮದೇ ತೊಡೆಯಿಂದ ಎಳೆ ತೆಗೆಯಬಹುದು, ಅಂದರು ಡಾಕ್ಟರು,
ಇಲ್ಲವೆ, ಸತ್ತವರು ಕೊಟ್ಟದ್ದಿದೆ.
ಐವತ್ತೆರಡರ ಹೆಂಗಸು ಲೆಕ್ಕ ಹಾಕಿದಳು:
ಎರಡು ಕಡೆ ನೋಯುವಷ್ಟು ರಜೆ ಇಲ್ಲ.

ಡೀಪ್ ಫ್ರೀಜರಿನಿಂದ ಬಂತು ಪೊಟ್ಟಣ.
ಮೇಲೆ ಬಾರ್‌ಕೋಡು. ಗಂಡಸು. ನಲವತ್ತು. ಹಿಮ್ಮಡಿಯ ಸ್ನಾಯುರಜ್ಜು.
ಉಪ್ಪುನೀರಲ್ಲಿ ನೆನೆದು ಮೆತ್ತಗಾಯಿತು
ನೆನೆಹಾಕಿದ ಕಾಳಿನ ಹಾಗೆ.

ಯಾರದೋ ಹಿಮ್ಮಡಿ ನನ್ನ ಮಂಡಿಯೊಳಗೆ!
ಮೊದಮೊದಲು ನಕ್ಕಳು. ರಾತ್ರಿಗಳಲ್ಲಿ ನಗು ಬರಲಿಲ್ಲ.
ತುದಿಗಾಲಲ್ಲಿ ನಿಂತು ಅವನು
ಏನನ್ನು ಎಟುಕಿಸಿಕೊಳ್ಳುತ್ತಿದ್ದ?
ಕಪಾಟಿನ ಮೇಲಿನ ಡಬ್ಬಿ?
ತನಗಿಂತ ಎತ್ತರದ ಹೆಂಡತಿಯ ಕೆನ್ನೆ?

ಅದರೊಳಗೆ ಈಗ ಯಾರೂ ಇಲ್ಲ, ಅಂದರು ಡಾಕ್ಟರು,
ಬರೀ ಗೋಡೆ. ನಿಮ್ಮ ಜೀವಕೋಶಗಳೇ
ಒಂದೊಂದಾಗಿ ಒಳಹೊಕ್ಕು ಒಲೆ ಹಚ್ಚಬೇಕು.
ವರ್ಷ ಹಿಡಿಯುತ್ತದೆ. ಅವಸರ ಬೇಡ.

ಅಂಗಾಂಶ ಬ್ಯಾಂಕಿನ ಮೂಲಕ ಆ ಮನೆಯವರಿಗೆ ಬರೆಯಬಹುದಂತೆ:
ಹೆಸರು ಕೂಡದು, ಊರು ಕೂಡದು.
ಇಪ್ಪತ್ತಾರು ವರ್ಷ ಪರರ ಕಾಗದ ಹೊತ್ತವಳು
ತನ್ನದೊಂದಕ್ಕೆ ಪೆನ್ನು ಹಿಡಿದು ಕೂತಳು.
ಥ್ಯಾಂಕ್ಸ್ ಎಂದು ಬರೆದು ಹೊಡೆದುಹಾಕಿದಳು.
ಕ್ಷಮಿಸಿ. ಅದನ್ನೂ.
ಮುಂದಿನ ಹಿಮ ಬೀಳುವ ತನಕ ಹಾಳೆ
ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡೇ ಇತ್ತು.

ಆಮೇಲೆ, ಗ್ಲೌಸು ಕಳಚುವ ಮೊದಲೇ,
ಅಂಕುಡೊಂಕು ಅಕ್ಷರದಲ್ಲಿ:
“ಇವತ್ತು ನಾಲ್ಕನೆ ಬೀದಿಯ ಏರು ಹತ್ತಿದೆವು.
ಹಿಮ ಇತ್ತು. ಜಾರಲಿಲ್ಲ.”